ಮೂವತ್ತಾರು ವರ್ಷ ಮರೆಯಲ್ಲಿ: ಇಸಬೆಲ್ಲಾ ಗಾರ್ಡ್ನರ್ ಭಾವಚಿತ್ರದ ಪ್ರಕರಣ

ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1888ರಲ್ಲಿ ಬರೆದ, ಬಾಸ್ಟನ್ನಿನ ಕಲಾಸಂಗ್ರಾಹಕಿ ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್ನರ್ ಭಾವಚಿತ್ರದ ಎತ್ತರ 190 ಸೆಂಟಿಮೀಟರ್, ಅಗಲ ಬರೀ 80. ನಿಂತ ಒಬ್ಬ ವ್ಯಕ್ತಿಯನ್ನು ಬಿಟ್ಟರೆ ಬೇರೇನಕ್ಕೂ ಜಾಗ ಕೊಡದ ಅಳತೆ ಇದು. ಆ ಕಾಲದ ಶ್ರೀಮಂತರ ಚಿತ್ರಗಳಲ್ಲಿ ತಪ್ಪದೆ ಕಾಣುವ ಕುರ್ಚಿ, ಹೂದಾನಿ, ಕಿಟಕಿಯಾಚೆಯ ತೋಟ, ಕಾಲ ಬಳಿಯ ನಾಯಿ ಯಾವುದೂ ಇಲ್ಲಿಲ್ಲ. ಕಪ್ಪು ಉಡುಪಿನ ಹೆಂಗಸು, ಹಿಂದೊಂದು ಬಟ್ಟೆ, ಅಷ್ಟೆ.

ಸಾರ್ವಜನಿಕರು ಇದನ್ನು ಕಂಡದ್ದು 1888ರಲ್ಲಿ ಬಾಸ್ಟನ್ನಿನ ಒಂದೇ ಒಂದು ಪ್ರದರ್ಶನದಲ್ಲಿ. ಆಮೇಲೆ 1924ರಲ್ಲಿ ಆಕೆ ತೀರಿಕೊಳ್ಳುವವರೆಗೆ ಚಿತ್ರ ಮರೆಯಲ್ಲೇ ಉಳಿಯಿತು. ಆ ನಂತರ ಅದು ಎಲ್ಲರಿಗೂ ಕಾಣುವಂತಾಯಿತು. ಆದರೆ ಆಕೆಯ ಉಯಿಲಿನ ಪ್ರಕಾರ ಆಕೆಯೇ ಕಟ್ಟಿಸಿದ ವಸ್ತುಸಂಗ್ರಹಾಲಯದ ಜೋಡಣೆಯನ್ನು ಬದಲಿಸುವಂತಿಲ್ಲವಾದ್ದರಿಂದ, ಚಿತ್ರ ಆಕೆ ಇಟ್ಟ ಮೂಲೆಯಲ್ಲೇ ಇದೆ. ಗಂಡನ ಸಂಕೋಚದಿಂದ ಬಚ್ಚಿಟ್ಟರು ಎಂಬಷ್ಟಕ್ಕೆ ಈ ಕತೆಯನ್ನು ಮುಗಿಸುವವರು ಹಲವರು. ಗಂಡ ಸತ್ತ ಮೇಲೂ ಕಾಲು ಶತಮಾನ ಆಕೆ ಅದನ್ನು ಹೊರಗಿಡಲಿಲ್ಲ ಎಂಬುದನ್ನು ಆ ವಿವರಣೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾರು, ಯಾವಾಗ, ಎಲ್ಲಿ ನಿಂತು ತನ್ನನ್ನು ನೋಡಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಹಟ ಈ ಚಿತ್ರದಲ್ಲಿ ಮೊದಲು ಕಾಣಿಸಿಕೊಂಡಿತು. ಮುಂದೆ ಅದೇ ಹಟ ಒಂದು ಕಟ್ಟಡವಾಯಿತು, ಕೊನೆಗೆ ಉಯಿಲಿನ ಷರತ್ತಾಯಿತು.

ಚಿತ್ರಕ್ಕೆ ಮೊದಲು

ಇಸಬೆಲ್ಲಾ ಹುಟ್ಟಿದ್ದು 1840ರ ಏಪ್ರಿಲ್ 14ರಂದು, ನ್ಯೂಯಾರ್ಕಿನಲ್ಲಿ. ತಂದೆ ಡೇವಿಡ್ ಸ್ಟೀವರ್ಟ್ ವ್ಯಾಪಾರದಲ್ಲಿ ದುಡ್ಡು ಮಾಡಿದವನು. 1860ರಲ್ಲಿ ಬಾಸ್ಟನ್ನಿನ ಜಾನ್ ಲೊವೆಲ್ ಗಾರ್ಡ್ನರ್ ಜೊತೆ ಮದುವೆ. ಮನೆಮಂದಿಗೆ ಅವನು ಜ್ಯಾಕ್. ಬೀಕನ್ ಸ್ಟ್ರೀಟಿನ 152ನೇ ನಂಬರಿನ ಮನೆ ಇಸಬೆಲ್ಲಾಳ ತಂದೆ ಕೊಟ್ಟ ಉಡುಗೊರೆ. 1863ರಲ್ಲಿ ಹುಟ್ಟಿದ ಒಬ್ಬನೇ ಮಗ ಎರಡು ವರ್ಷ ತುಂಬುವ ಮೊದಲೇ ನ್ಯುಮೋನಿಯಾದಿಂದ ತೀರಿಕೊಂಡ. ಮತ್ತೆ ಮಕ್ಕಳಾಗಲಿಲ್ಲ. ದೀರ್ಘ ಖಿನ್ನತೆಯ ನಂತರ ವೈದ್ಯರ ಸಲಹೆಯಂತೆ ಗಂಡಹೆಂಡತಿ ಯುರೋಪ್ ಪ್ರವಾಸ ಹೊರಟರು. ಪ್ರವಾಸ ಅಲ್ಲಿಂದಾಚೆ ಅಭ್ಯಾಸವೇ ಆಯಿತು. 1883-84ರ ಸುತ್ತಿನಲ್ಲಿ ಜಪಾನ್, ಚೀನಾ, ಕಾಂಬೋಡಿಯಾಗಳ ಜೊತೆ ಭಾರತವನ್ನೂ ನೋಡಿದರು. ವೆನಿಸ್ ನಗರವಂತೂ ಮತ್ತೆಮತ್ತೆ ಹೋಗುವ ಊರಾಯಿತು.

1886ರ ಶರತ್ಕಾಲದಲ್ಲಿ ಲಂಡನ್ನಿನಲ್ಲಿ ಕಾದಂಬರಿಕಾರ ಹೆನ್ರಿ ಜೇಮ್ಸ್ ಆಕೆಯನ್ನು ಸಾರ್ಜೆಂಟನ ಸ್ಟುಡಿಯೋಗೆ ಕರೆದೊಯ್ದ. ಆಕೆಗೆ ಅಲ್ಲಿ ನೋಡಬೇಕಿದ್ದದ್ದು 'ಮದಾಮ್ ಎಕ್ಸ್'. 1884ರಲ್ಲಿ ಪ್ಯಾರಿಸ್ಸಿನ ಸಲೋನ್ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಭುಜದಿಂದ ಜಾರಿದ ಉಡುಪಿನ ಪಟ್ಟಿಯಿಂದಾಗಿ ಗದ್ದಲವೆಬ್ಬಿಸಿದ ಚಿತ್ರ ಅದು. ಸಾರ್ಜೆಂಟ್ ಆಮೇಲೆ ಆ ಪಟ್ಟಿಯನ್ನು ಭುಜದ ಮೇಲಕ್ಕೆ ತಿದ್ದಿ ಬರೆದಿದ್ದ. ಆ ಹಗರಣ ಪ್ಯಾರಿಸ್ಸಿನಲ್ಲಿ ಅವನ ವೃತ್ತಿಗೆ ಕುತ್ತು ತಂದಿತ್ತು. ಬೇರೆ ಯಾವ ಸಿರಿವಂತೆಯೇ ಆಗಿದ್ದರೂ ಅಂಥವನಿಂದ ದೂರ ಉಳಿಯುತ್ತಿದ್ದಳೇನೋ. ಈಕೆಯನ್ನು ಅಲ್ಲಿಗೆ ಎಳೆದದ್ದೇ ಆ ಚಿತ್ರ.

ಒಂಬತ್ತನೆಯ ಪ್ರಯತ್ನ

1887ರ ಕೊನೆಗೆ ಸಾರ್ಜೆಂಟ್ ಬಾಸ್ಟನ್ನಿಗೆ ಬಂದ. ಆಗ ಅವನಿಗೆ 31, ಆಕೆಗೆ 47. ಎಂಟು ಬಾರಿ ಬರೆದದ್ದನ್ನು ಅಳಿಸಿದ್ದಾಯಿತು, ಅವನು ಕೈಚೆಲ್ಲುವುದರಲ್ಲಿದ್ದ, ಒಂಬತ್ತು ಇಟಲಿಯ ಕವಿ ಡಾಂಟೆಯ ಪವಿತ್ರ ಸಂಖ್ಯೆ, ಹಾಗಾಗಿ ಒಂಬತ್ತನೆಯದು ಕೂಡಿಬರಲೇಬೇಕು ಎಂದು ತಾನೇ ಒತ್ತಾಯಿಸಿದೆ ಎಂಬುದು ಆಕೆಯ ಬಾಯಿಂದಲೇ ಬಂದ ಕತೆ. ಆಕೆ ಡಾಂಟೆ ಓದಿಗೆ ಹೆಸರಾದವಳು, ಕತೆ ಕಟ್ಟುವುದರಲ್ಲೂ ಕಡಿಮೆಯವಳಲ್ಲ. ಎಂಟೇ ಆಗಿತ್ತೋ ಆರೇ ಆಗಿತ್ತೋ, ಅಷ್ಟು ಸಲ ಅಳಿಸಬೇಕಾಗಿ ಬಂದದ್ದಕ್ಕೆ ಮಾತ್ರ ಕಸುಬಿನ ಕಾರಣಗಳಿವೆ.

ಸಾರ್ಜೆಂಟ್ ಕಲಿತದ್ದು ಪ್ಯಾರಿಸ್ಸಿನ ಕರೊಲಸ್-ದ್ಯುರಾನ್ ಬಳಿ. ಆ ಪಾಠದ ಪ್ರಕಾರ ಮೊದಲು ಕಚ್ಚಾ ಗೆರೆ ಹಾಕಿ ಒಣಗಿಸಿ, ಮೇಲೆ ತೆಳು ಪದರಗಳನ್ನು ಏರಿಸುತ್ತ ಹೋಗುವುದಿಲ್ಲ. ಹಸಿ ಬಣ್ಣದಲ್ಲೇ ಮೊದಲು ಮುಖದ ಮಧ್ಯಛಾಯೆ, ಆಮೇಲೆ ಕತ್ತಲ ಭಾಗ, ಕೊನೆಯಲ್ಲಿ ಹೊಳಪು. ಒಂದೊಂದು ಕುಂಚದ ಹೊಡೆತವೂ ತನ್ನ ಜಾಗದಲ್ಲಿ, ತನ್ನ ಛಾಯೆಯಲ್ಲಿ ಬಿದ್ದಿರಬೇಕು. ತಪ್ಪಿದರೆ ತೇಪೆ ಹಾಕುವಂತಿಲ್ಲ. ಹಸಿ ಬಣ್ಣದ ಮೇಲೆ ತಿದ್ದುತ್ತ ಹೋದರೆ ಛಾಯೆಗಳು ಒಂದರೊಳಗೊಂದು ಕಲೆತು ಚರ್ಮ ಮಣ್ಣುಮಣ್ಣಾಗುತ್ತದೆ. ಆಗ ಉಳಿಯುವ ದಾರಿ ಒಂದೇ: ಚಾಕುವಿನಿಂದ ಇಡೀ ಮುಖವನ್ನು ಕ್ಯಾನ್ವಾಸಿನವರೆಗೆ ಕೆರೆದು, ಬಟ್ಟೆಯಲ್ಲಿ ಒರೆಸಿ, ಮೊದಲಿನಿಂದ ಶುರು. ಈ ಪದ್ಧತಿಯಲ್ಲಿ 'ಮತ್ತೆ ಬರೆದೆ' ಎಂದರೆ ಹೆಚ್ಚಾಗಿ ತಲೆಯನ್ನು ಮತ್ತೆ ಬರೆದಂತೆ. ಉಡುಪು, ಹಿನ್ನೆಲೆಗಳನ್ನು ಪ್ರತಿ ಸಲ ಮುಟ್ಟಬೇಕಿಲ್ಲ.

ಇನ್ನೊಂದು ತೊಡಕನ್ನು ತಂದದ್ದು ಭಂಗಿ. 'ಮದಾಮ್ ಎಕ್ಸ್' ಪಕ್ಕಕ್ಕೆ ತಿರುಗಿದ್ದಾಳೆ. ಹಣೆ, ಮೂಗು, ಗಲ್ಲದ ಅಂಚಿನ ಗೆರೆಯೇ ಅಲ್ಲಿ ಮುಕ್ಕಾಲು ಕೆಲಸ ಮಾಡುತ್ತದೆ. ಇಸಬೆಲ್ಲಾ ನೇರ ಎದುರು ನಿಂತಿದ್ದಾಳೆ. ತಲೆ, ಭುಜ, ಕೈ, ಕಾಲು ಎಲ್ಲ ನಡುಗೆರೆಯ ಎರಡೂ ಬದಿಗೆ ಸಮಸಮ. ಹೀಗೆ ನಿಂತವರ ಮೂಗಿಗೆ ಅಂಚಿನ ಗೆರೆಯೇ ಇರುವುದಿಲ್ಲ, ಅದನ್ನು ಬರೀ ಛಾಯೆಯಲ್ಲಿ ಎತ್ತಬೇಕು. ನಿಂತವಳು ತಲೆಯನ್ನು ಬೆರಳಗಲ ಓರೆ ಮಾಡಿದರೂ ಸಾಕು, ಎರಡು ಕಣ್ಣಿನ ಮಟ್ಟ ತಪ್ಪುತ್ತದೆ. ತೀರಾ ಸರಿಯಾಗಿ ಬರೆದರೆ ಮುಖ ಮುಖವಾಡವಾಗುತ್ತದೆ, ಕೊಂಚ ಸಡಿಲ ಬಿಟ್ಟರೆ ಹೋಲಿಕೆ ಕೈಬಿಡುತ್ತದೆ. ಅನುಭವವಿಲ್ಲದವರು ಸುಲಭವೆಂದು ಎದುರು ಭಂಗಿಯನ್ನು ಆರಿಸುತ್ತಾರೆ, ಅನುಭವಿಗಳು ಅದನ್ನು ತಪ್ಪಿಸಿ ಮುಕ್ಕಾಲು ಭಂಗಿಗೆ ಹೋಗುತ್ತಾರೆ. ಕೊನೆಗೆ ನಿಂತ ಮುಖದಲ್ಲಿ ಸಾರ್ಜೆಂಟ್ ಬಿಗಿಯನ್ನು ಮುರಿದದ್ದು ಬಾಯಿಂದ: ತುಟಿಗಳು ತುಸು ತೆರೆದಿವೆ, ಮಾತಿನ ನಡುವೆ ಹಿಡಿದಂತೆ. ಅದೊಂದನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಉಳಿದ ಮುಖ ಎಷ್ಟು ನಿಶ್ಚಲ ಎಂಬುದು ತಿಳಿಯುತ್ತದೆ.

ಉಡುಪಿಗೆ ತಗ್ಗಿದ ಕೊರಳು, ಗಿಡ್ಡ ತೋಳು. ಕೊರಳಲ್ಲಿ ಮುತ್ತಿನ ಸರ, ನಡುವಿನ ಸುತ್ತ ಮತ್ತೆ ಮುತ್ತಿನ ಎಳೆಗಳು, ಅವಕ್ಕೆ ಮಾಣಿಕ್ಯ, ಕೆಳಗೆ ಪಾದರಕ್ಷೆಯ ಮೇಲೂ ಕೆಂಪು. ಬರಿದಾದ ಎರಡು ತೋಳುಗಳು ಕೆಳಗಿಳಿದು ಹೊಟ್ಟೆಯ ಮುಂದೆ ಬೆರಳು ಹೆಣೆದು ಒಂದು ಅಂಡಾಕಾರವನ್ನು ಮಾಡುತ್ತವೆ. ಕಣ್ಣು ಮುಖದಿಂದ ಕೊರಳಿನ ಕೆಂಪಿಗೆ, ನಡುವಿಗೆ, ಕೈಗೆ, ಪಾದಕ್ಕೆ ಇಳಿಯುವ ಹಾದಿ ಅದು. ಹೀಗೆ ಹೆಣೆದ ಕೈಗಳನ್ನು ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. ಇಡೀ ಚಿತ್ರದ ಭಾರ ನಿಂತಿರುವುದು ಅಲ್ಲೇ.

ಹಿನ್ನೆಲೆ ಆಕೆಯದೇ ಸಂಗ್ರಹದ ಹದಿನೈದನೆಯ ಶತಮಾನದ ಇಟಾಲಿಯನ್ ಮಖಮಲ್. ಸಾರ್ಜೆಂಟ್ ಅದನ್ನು ಇದ್ದಂತೆ ನಕಲಿಸಲಿಲ್ಲ. ದಾಳಿಂಬೆ ವಿನ್ಯಾಸವನ್ನು ನಿಜದ ಅಳತೆಗಿಂತ ಹಿಗ್ಗಿಸಿ, ತಲೆಯ ಹಿಂದೆ ಒಂದು ವರ್ತುಲ ಸರಿಯಾಗಿ ಬರುವಂತೆ, ಮೈಯ ಸುತ್ತ ಇನ್ನೆರಡು ಅಂಚು ಕಟ್ಟುವಂತೆ ಜೋಡಿಸಿದ. ಕನ್ನಡದಲ್ಲಿ ಇದಕ್ಕೆ ಹೆಸರು ಹುಡುಕಬೇಕಿಲ್ಲ: ಅದು ಪ್ರಭಾವಳಿ. ಹೆನ್ರಿ ಜೇಮ್ಸ್ ಇದನ್ನು ಬೈಜಾಂಟೈನ್ ಮಡೋನಾಗೆ, ಅಂದರೆ ಮಾತೆ ಮೇರಿಯ ಹಳೆಯ ಚರ್ಚು ಚಿತ್ರಕ್ಕೆ, ಹೋಲಿಸಿದ.

ಕ್ಲಬ್ಬಿನ ಗೋಡೆ

1888ರ ಜನವರಿ ಕೊನೆಗೆ ಬಾಸ್ಟನ್ನಿನ ಸೇಂಟ್ ಬೊಟಾಲ್ಫ್ ಕ್ಲಬ್ಬಿನಲ್ಲಿ ಸಾರ್ಜೆಂಟನ ಮೊದಲ ಏಕವ್ಯಕ್ತಿ ಪ್ರದರ್ಶನ ತೆರೆಯಿತು. ಈ ಚಿತ್ರಕ್ಕೆ ಅಲ್ಲಿ ಇಟ್ಟ ಶೀರ್ಷಿಕೆ 'ಹೆಂಗಸು: ಒಂದು ಒಗಟು'. ಹೆಸರು ಹಾಕದಿದ್ದರೂ ನಡುವಿನ ಮುತ್ತುಗಳನ್ನು ನೋಡಿದ ಯಾರಿಗೂ ಗುರುತು ಸಿಗದಿರಲು ಸಾಧ್ಯವಿರಲಿಲ್ಲ. ಬಾಸ್ಟನ್ ಮಾತಾಡಿಕೊಂಡದ್ದು ಪ್ರಭಾವಳಿಯ ಬಗ್ಗೆ ಅಲ್ಲ, ಕೊರಳಿನ ತಗ್ಗಿನ ಬಗ್ಗೆ. ಆಕೆಯ ಸ್ನೇಹಿತನಾಗಿದ್ದ ಕಿರಿಯ ಕಾದಂಬರಿಕಾರನೊಬ್ಬನ ಹೆಸರನ್ನು ಆ ತಗ್ಗಿಗೆ ಗಂಟುಹಾಕಿದ ಹೊಲಸು ಜೋಕೊಂದು ಗಂಡಸರ ಕ್ಲಬ್ಬುಗಳಲ್ಲಿ ಓಡಾಡಿತು, ಜ್ಯಾಕ್ ಕಿವಿಗೂ ಬಿತ್ತು. ತಾನು ಬದುಕಿರುವವರೆಗೆ ಇದನ್ನು ಮತ್ತೆ ಪ್ರದರ್ಶನಕ್ಕೆ ಇಡಕೂಡದು ಎಂದ. ಆಕೆ ಒಪ್ಪಿದಳು.

ಇಲ್ಲಿ ನಿಲ್ಲಬೇಕಾದದ್ದು ಒಂದು ಅಂಶದ ಮೇಲೆ. 'ಮದಾಮ್ ಎಕ್ಸ್' ವಿಷಯದಲ್ಲಿ ಗದ್ದಲವಾದಾಗ ಸಾರ್ಜೆಂಟ್ ಚಿತ್ರವನ್ನೇ ತಿದ್ದಿದ. ಇಲ್ಲಿ ಕೊರಳಿನ ಗೆರೆಯನ್ನು ಒಂದು ಬೆರಳು ಮೇಲೇರಿಸಿದ್ದರೆ ಬಾಯಿಗಳು ಮುಚ್ಚುತ್ತಿದ್ದವು, ಚಿತ್ರ ಮನೆಯ ಪಡಸಾಲೆಯಲ್ಲಿ ಇರಬಹುದಿತ್ತು. ಇಸಬೆಲ್ಲಾ ಅದಕ್ಕೆ ಹೋಗಲಿಲ್ಲ. ಚಿತ್ರ ಬದಲಾಗಲಿಲ್ಲ, ನೋಡುವವರ ಪಟ್ಟಿ ಬದಲಾಯಿತು. ಮುಂದೆ ಉಯಿಲು ಬರೆಸುವಾಗಲೂ ಆಕೆ ಇದೇ ಬಗೆಯಲ್ಲಿ ಯೋಚಿಸಿದಳು.

ದುಡ್ಡು, ದಲ್ಲಾಳಿ, ಕಟ್ಟಡ

1891ರಲ್ಲಿ ತಂದೆ ಸತ್ತ. ಹದಿನೈದು ಲಕ್ಷ ಡಾಲರಿಗೂ ಮೀರಿದ ಆಸ್ತಿ ಆಕೆಯ ಸ್ವಂತ ಹೆಸರಿಗೆ ಬಂತು. ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ವರ್ಮೀರನ 'ದಿ ಕನ್ಸರ್ಟ್' 29,000 ಫ್ರಾಂಕಿಗೆ ಆಕೆಯ ಪಾಲಾಯಿತು. 1896ರಲ್ಲಿ ರೆಂಬ್ರಾಂಟ್ 23ನೇ ವಯಸ್ಸಿನಲ್ಲಿ ಬರೆದ ಸ್ವಚಿತ್ರ, ಅದೇ ವರ್ಷ 20,000 ಪೌಂಡಿಗೂ ಮೇಲೆ ತೆತ್ತು ಟಿಶನ್‌ನ 'ಯುರೋಪಾ'. ಇವೆರಡನ್ನೂ ಕೊಡಿಸಿದವನು ಕಲಾಪಂಡಿತ ಬರ್ನಾರ್ಡ್ ಬೆರೆನ್ಸನ್. ಓದು ಮುಗಿಸಿದ ಹೊಸತರಲ್ಲಿ ಅವನ ಯುರೋಪ್ ಪ್ರಯಾಣಕ್ಕೆ ಹಣ ಹಾಕಿದವರಲ್ಲಿ ಈಕೆಯೂ ಇದ್ದಳು. ಪ್ರತಿ ಖರೀದಿಯ ಮೇಲೆ ಶೇಕಡಾ 5 ಕಮಿಷನ್ ಎಂಬುದು ಅವನೊಂದಿಗಿನ ಒಪ್ಪಂದ. ಆಕೆಗೆ ಗೊತ್ತಿಲ್ಲದಂತೆ ಮಾರುವ ವ್ಯಾಪಾರಿಯ ಲಾಭದಲ್ಲೂ ಅವನಿಗೆ ಪಾಲಿತ್ತು. ಲೆಕ್ಕದ ಮನುಷ್ಯ ಜ್ಯಾಕ್‌ಗೆ ಅನುಮಾನ ಬಂದಿತ್ತು. ಕೊಳ್ಳುವವರ ಪರ ಬೆಲೆ ಹೇಳುವವನೇ ಮಾರುವವರ ಕಡೆಯಿಂದಲೂ ತಿಂದರೆ ಬೆಲೆ ಏರುವುದು ಸಹಜ. ಹಾಗಿದ್ದೂ ಇಂದಿನ ಕಣ್ಣಿಗೆ ಆಕೆ ಕೊಟ್ಟ ಬೆಲೆಗಳು ಅಗ್ಗವಾಗಿಯೇ ಕಾಣುತ್ತವೆ.

1898ರ ಡಿಸೆಂಬರಿನಲ್ಲಿ ಜ್ಯಾಕ್ ತೀರಿಕೊಂಡ. ಮುಂದಿನ ತಿಂಗಳೇ ಆಕೆ ಬಾಸ್ಟನ್ನಿನ ಫೆನ್ಸ್ ಬಳಿ, ಜೌಗು ತುಂಬಿಸಿ ಹದಮಾಡಿದ ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡಳು. ವಾಸ್ತುಶಿಲ್ಪಿ ವಿಲ್ಲರ್ಡ್ ಸಿಯರ್ಸ್. ವೆನಿಸ್ಸಿನ ಅರಮನೆಗಳ ಮುಂಭಾಗ ಒಳಗೆ ತಿರುಗಿದಂತೆ ನಡುವೆ ಗಾಜಿನ ಸೂರಿನ ಅಂಗಳ, ಸುತ್ತ ಮೂರು ಮಹಡಿ ಕೊಠಡಿಗಳು, ನಾಲ್ಕನೆಯದರಲ್ಲಿ ಆಕೆಯ ವಾಸ. ಹೊರಗಿನಿಂದ ನೋಡಿದರೆ ಕಟ್ಟಡ ಬಲು ಸಾದಾ. ಅಂಗಳದ ಗೋಡೆಗೆ ಬೇಕಾದ ಗುಲಾಬಿ ಬಣ್ಣ ಬಣ್ಣಗಾರರ ಕೈಗೆ ಬಾರದಾಗ ಆಕೆಯೇ ಏಣಿ ಹತ್ತಿ, ಸ್ಪಂಜಿನಲ್ಲಿ ಗುಲಾಬಿಯನ್ನೂ ಬಿಳಿಯನ್ನೂ ಒತ್ತಿ ತೋರಿಸಿದಳು.

1902 ಪೂರ್ತಿ ಜೋಡಣೆಯ ವರ್ಷ. ಯುರೋಪಾ ಚಿತ್ರದ ಕೆಳಗಿನ ಗೋಡೆಗೆ ಆಕೆ ಹೊದಿಸಿದ್ದು ತನ್ನದೇ ರೇಷ್ಮೆ ಗೌನಿನಿಂದ ಕತ್ತರಿಸಿದ ಬಟ್ಟೆ. ಪ್ಯಾರಿಸ್ಸಿನ ವರ್ತ್ ಹೊಲಿದ ಉಡುಪದು. 1888ರಲ್ಲಿ ಆಕೆಯ ಸಂಗ್ರಹದ ಮಖಮಲ್ ಆಕೆಯ ಚಿತ್ರಕ್ಕೆ ಹಿನ್ನೆಲೆಯಾಗಿತ್ತು. ಈಗ ಆಕೆ ಉಟ್ಟ ಬಟ್ಟೆಯೇ ಸಂಗ್ರಹದ ಹೆಮ್ಮೆಯ ಚಿತ್ರಕೃತಿಗೆ ಆಸರೆ. ಕೊಠಡಿಗಳಲ್ಲಿ ವಿವರದ ಚೀಟಿಗಳಿಲ್ಲ. ನೋಡುವವರು ತಿಳಿದವರ ಮಾತಿಗಲ್ಲ, ತಮ್ಮ ಕಣ್ಣಿಗೆ ಶರಣಾಗಲಿ ಎಂಬುದು ಆಕೆಯ ನಿಲುವು. ಮೊದಲ ಬಾರಿಗೆ ಹೋದವರಿಗೆ ಇದು ಕಿರಿಕಿರಿ ಮಾಡುವುದೂ ನಿಜ.

1903ರ ಜನವರಿ 1ರ ರಾತ್ರಿ ಬಾಸ್ಟನ್ ಸಿಂಫನಿಯ ವಾದಕರ ಕಚೇರಿಯೊಂದಿಗೆ ಆಹ್ವಾನಿತರಿಗೆ ಬಾಗಿಲು ತೆರೆಯಿತು, ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ. ವರ್ಷಕ್ಕೆ ಕೆಲವೇ ದಿನ, ದಿನಕ್ಕೆ 200 ಟಿಕೆಟ್, ತಲೆಗೆ ಒಂದು ಡಾಲರ್. ಮೂರನೆಯ ಮಹಡಿಯ ಗೋಥಿಕ್ ಕೊಠಡಿ ಮಾತ್ರ ಆಗಲೂ ಬಂದ್. ಸಾರ್ಜೆಂಟನ ಚಿತ್ರ ಇದ್ದದ್ದು ಅದರೊಳಗೆ. 1903ರಲ್ಲಿ ಆ ಕೊಠಡಿಯನ್ನೇ ಸ್ಟುಡಿಯೋ ಮಾಡಿಕೊಂಡು ಸಾರ್ಜೆಂಟ್ ಬೇರೆಯವರ ಭಾವಚಿತ್ರ ಬರೆದ. ಹಾಗಾಗಿ ಸ್ನೇಹಿತರಿಗೆ ಪ್ರವೇಶವಿತ್ತು, ಊರಿಗಿರಲಿಲ್ಲ.

ಕೊಠಡಿಯ ಉಳಿದ ಸಾಮಾನುಗಳನ್ನು ನೋಡಿದರೆ ಸಂಕೋಚದ ವಿವರಣೆ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿರುವುದು ಬಣ್ಣದ ಗಾಜಿನ ಕಿಟಕಿ, ಚರ್ಚುಗಳ ಮರಗೆಲಸ, ಜೊತ್ತೊ ಬರೆದ ಬಾಲಯೇಸುವಿನ ದೇವಾಲಯ ಪ್ರವೇಶದ ಪುಟ್ಟ ಫಲಕ. ಬರೀ ಬಚ್ಚಿಡುವುದೇ ಉದ್ದೇಶವಾಗಿದ್ದರೆ ನಾಲ್ಕನೆಯ ಮಹಡಿಯ ಮಲಗುವ ಕೋಣೆಯಿತ್ತು. ಪ್ರಭಾವಳಿಯುಳ್ಳ ಚಿತ್ರವನ್ನು ಪ್ರಭಾವಳಿಯುಳ್ಳವರ ನಡುವೆ, ಕೆಳಗಿನಿಂದ ಹತ್ತಿ ಬರುವವರ ಹಾದಿಯ ತುದಿಯಲ್ಲಿ, ಆಕೆ ಇಟ್ಟಳು. ತಾನು ಸತ್ತ ಮೇಲೆ ಬಾಗಿಲು ತೆರೆಯುತ್ತದೆ ಎಂಬುದು ಆಕೆಗೆ ತಿಳಿದೇ ಇತ್ತು. ಯುರೋಪಿನ ಚರ್ಚುಗಳಲ್ಲಿ ದಾನಿಗಳನ್ನು ಬಲಿಪೀಠದ ಚಿತ್ರದ ಮೂಲೆಯಲ್ಲಿ, ಮಂಡಿಯೂರಿದವರಾಗಿ ಬರೆಯುವ ಪದ್ಧತಿಯಿತ್ತು. ಈಕೆ ಮಂಡಿಯೂರಲಿಲ್ಲ.

ಉಯಿಲು ಮತ್ತು ಅದರ ಬೆಲೆ

1919ರಲ್ಲಿ ಪಾರ್ಶ್ವವಾಯು ಬಡಿಯಿತು. 1922ರಲ್ಲಿ ಸಾರ್ಜೆಂಟ್ ಮತ್ತೊಮ್ಮೆ ಆಕೆಯನ್ನು ಬರೆದ, ಈ ಬಾರಿ ಜಲವರ್ಣದಲ್ಲಿ: ಬಿಳಿ ಬಟ್ಟೆ ಸುತ್ತಿ ದಿಂಬಿಗೊರಗಿದ ಮುದುಕಿ, ಮುಖವೊಂದೇ ಹೊರಗೆ. 1924ರ ಜುಲೈ 17ರಂದು ಆಕೆ ತೀರಿಕೊಂಡಳು.

ಉಯಿಲು ಸಂಗ್ರಹವನ್ನು ಸಾರ್ವಜನಿಕರ ಶಿಕ್ಷಣ ಮತ್ತು ಆನಂದಕ್ಕಾಗಿ ಶಾಶ್ವತವಾಗಿ ಬಿಟ್ಟುಕೊಟ್ಟಿತು, ಜೊತೆಗೆ ಹತ್ತು ಲಕ್ಷ ಡಾಲರ್ ಮೂಲಧನ. ಪ್ರಾಣಿದಯೆಯ ಸಂಘ, ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘ, ಅಂಗವಿಕಲ ಮಕ್ಕಳ ಕೈಗಾರಿಕಾ ಶಾಲೆಗಳಿಗೂ ದತ್ತಿ. ಆಮೇಲೆ ಷರತ್ತು: ಟ್ರಸ್ಟಿಗಳು ಜೋಡಣೆಯನ್ನು ಶಾಶ್ವತವಾಗಿ ಬದಲಿಸಿದರೆ, ಇಲ್ಲವೇ ಹೊರಗಿನ ಕೃತಿ ತಂದು ಸೇರಿಸಿದರೆ, ಇಡೀ ಸಂಗ್ರಹ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಪ್ಯಾರಿಸ್ಸಿನಲ್ಲಿ ಮಾರಾಟವಾಗಬೇಕು.

ದತ್ತಿಪತ್ರ ಬರೆಸುವವರಿಗೆ ಇದು ಓದಲೇಬೇಕಾದ ಷರತ್ತು. ಬರೀ 'ಬದಲಿಸಬಾರದು' ಎಂದು ಬರೆದರೆ ಅದನ್ನು ಕಾಯುವವರು ಯಾರೂ ಇರುವುದಿಲ್ಲ. ಟ್ರಸ್ಟಿಗಳು ಬದಲಾಗುತ್ತಾರೆ, ಕಾಲಕ್ರಮೇಣ ಸಡಿಲಿಸುತ್ತಾರೆ. ಷರತ್ತು ಮುರಿದರೆ ಲಾಭ ಪಡೆಯುವ ಮೂರನೆಯವರ ಹೆಸರು ಹಾಕಿದೊಡನೆ ಅದಕ್ಕೆ ಹಲ್ಲು ಬರುತ್ತದೆ. ಆದರೆ ಸಂಸ್ಥೆಯ ಅಗತ್ಯಗಳು ಬೆಳೆದಾಗ ಅದೇ ಹಲ್ಲು ಸಂಸ್ಥೆಯನ್ನೇ ಕಚ್ಚುತ್ತದೆ. ಇಟಲಿಯ ವಾಸ್ತುಶಿಲ್ಪಿ ರೆಂಝೋ ಪಿಯಾನೋ ವಿನ್ಯಾಸದ ಹೊಸ ಕಟ್ಟಡಕ್ಕಾಗಿ ಸಂಸ್ಥೆ ಮ್ಯಾಸಚುಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2009ರಲ್ಲಿ ಒಪ್ಪಿಗೆ ಸಿಕ್ಕಿತು, 2012ರಲ್ಲಿ ಕಟ್ಟಡ ತೆರೆಯಿತು. ಟಿಕೆಟ್, ಸಂಗೀತ ಸಭಾಂಗಣ, ತಾತ್ಕಾಲಿಕ ಪ್ರದರ್ಶನ ಅತ್ತ ಹೋದವು. ಹಳೆಯ ಕೊಠಡಿಗಳು ಇದ್ದಂತೆ ಇದ್ದವು.

1990ರ ಮಾರ್ಚ್ 18ರ ನಸುಕಿನಲ್ಲಿ ಪೊಲೀಸ್ ಸಮವಸ್ತ್ರದಲ್ಲಿ ಬಂದ ಇಬ್ಬರು 81 ನಿಮಿಷದಲ್ಲಿ 13 ಕೃತಿಗಳನ್ನು ಕದ್ದೊಯ್ದರು. ವರ್ಮೀರ್ ಹೋಯಿತು, ರೆಂಬ್ರಾಂಟ್‌ನ ಎರಡು ತೈಲಚಿತ್ರಗಳು ಹೋದವು. ಕಳ್ಳತನದ ವಿಮೆಯಿರಲಿಲ್ಲ. ಬಹುಮಾನ ಈಗ ಒಂದು ಕೋಟಿ ಡಾಲರ್, ಒಂದೂ ಮರಳಿಲ್ಲ. ಡಚ್ ಕೊಠಡಿಯ ಖಾಲಿ ಚೌಕಟ್ಟುಗಳು ಉಯಿಲಿನಿಂದಾಗಿಯೇ ಅಲ್ಲಿವೆ ಎಂದು ಎಲ್ಲೆಡೆ ಬರೆಯುತ್ತಾರೆ, ಅದು ಅರ್ಧ ನಿಜ. ಕೃತಿಗಳು ಮರಳುವ ನಿರೀಕ್ಷೆಯಲ್ಲಿ ಜಾಗ ಹಿಡಿದಿರುವುದು ಸಂಸ್ಥೆಯ ತೀರ್ಮಾನ ಕೂಡ. ಮೂರನೆಯ ಮಹಡಿಯಿಂದ ಏನೂ ಕಳುವಾಗಲಿಲ್ಲ.

ಇಂದು ನೋಡುವವರಿಗೆ

ಗೋಥಿಕ್ ಕೊಠಡಿ ಮಬ್ಬು. ಬಟ್ಟೆ, ಕಾಗದ, ಜಲವರ್ಣಗಳಿಗೆ ಸಂಗ್ರಹಾಲಯಗಳು ಸಾಮಾನ್ಯವಾಗಿ ಇಡುವ ಬೆಳಕಿನ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ತೈಲವರ್ಣಕ್ಕೆ ಸುಮಾರು 200. ಬೇರೆ ಕಡೆ ಬಟ್ಟೆಯನ್ನು ಒಂದು ಕೋಣೆಗೆ, ತೈಲಚಿತ್ರವನ್ನು ಇನ್ನೊಂದಕ್ಕೆ ಹಾಕಿ ಸುಧಾರಿಸುತ್ತಾರೆ. ಇಲ್ಲಿ ಬೇರ್ಪಡಿಸುವಂತಿಲ್ಲ. ಬಟ್ಟೆ, ಮರ, ತೈಲವರ್ಣ ಒಟ್ಟಿಗಿರುವ ಕೋಣೆಯಲ್ಲಿ ಎಲ್ಲಕ್ಕಿಂತ ನಾಜೂಕಾದ ವಸ್ತುವಿಗೆ ತಕ್ಕಂತೆ ಬೆಳಕು ಇಳಿಸಬೇಕಾಗುತ್ತದೆ. ಒಳಗೆ ಹೋದೊಡನೆ ನೋಡಿ ಹೊರಬಂದರೆ ಕಪ್ಪು ಉಡುಪು ಒಂದು ಕಪ್ಪು ತೇಪೆ ಮಾತ್ರ. ಐದು ನಿಮಿಷ ಕಣ್ಣು ಹೊಂದಿಸಿಕೊಳ್ಳಬೇಕು. ತೈಲವರ್ಣದ ಕಪ್ಪು ವಾರ್ನಿಷ್ ಕೆಳಗೆ ಕನ್ನಡಿಯಂತೆ ಕಿಟಕಿಯನ್ನು ಪ್ರತಿಫಲಿಸುವುದುಂಟು. ನೇರ ನಿಂತಾಗ ಹೊಳಪು ಅಡ್ಡ ಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಉಡುಪಿನ ಮಡಿಕೆಗಳನ್ನು ನೋಡಿ, ಆಮೇಲೆ ನಡುವಿಗೆ ಬನ್ನಿ. ಪ್ರಭಾವಳಿಯ ವರ್ತುಲ ತಲೆಯ ಹಿಂದೆ ಕೂಡುವುದು ನಾಲ್ಕೈದು ಮೀಟರ್ ದೂರದಿಂದ. ಹತ್ತಿರ ಹೋದರೆ ಅದು ಬರೀ ಬಿರುಸಾದ ಕುಂಚದ ಎಳೆತಗಳಾಗಿ ಒಡೆಯುತ್ತದೆ, ಮುತ್ತುಗಳು ಒಂದೊಂದು ಬಿಳಿ ಚುಕ್ಕೆಯಾಗುತ್ತವೆ.

ಅಂದಹಾಗೆ, ಇಸಬೆಲ್ಲಾ ಎಂಬ ಹೆಸರಿನವರಿಗೆ ಪ್ರವೇಶ ಉಚಿತ.